ಬೆವರುವ ಕೋಣೆ

ಆ ಶನಿವಾರ ಬೆಳಿಗ್ಗೆ ಮೆಲ್ಬರ್ನಿನ ಹೊರವಲಯದ ಟಾರ್ನೀಟಿನ ಹೊಸ ಬಡಾವಣೆಯಲ್ಲಿ ಎಲ್ಲರ ಮನೆಯ ಚಾವಣಿಯ ಮೇಲೂ ಇಬ್ಬನಿ ಹೆಪ್ಪುಗಟ್ಟಿ ಬೆಳ್ಳಗೆ ಕೂತಿತ್ತು, ಗಾನವಿಯ ಮನೆಯೊಂದನ್ನು ಬಿಟ್ಟು. ಟ್ಯಾಕ್ಸಿಯಿಂದ ಇಳಿದವಳು ಬ್ಯಾಗು ಕೆಳಗಿಟ್ಟು ಮೇಲೆ ನೋಡುತ್ತಾ ನಿಂತಳು. ಹೆಂಚುಗಳು ಕಪ್ಪಗೆ, ಒದ್ದೆಯಾಗಿ, ಸಣ್ಣಗೆ ಹಬೆಯಾಡುತ್ತಿದ್ದವು. ಮೆಲ್ಬರ್ನಿನ ಜುಲೈ ಅಂದರೆ ಮೂಗಿನ ತುದಿ ಇನ್ನೂ ಇದೆಯೋ ಇಲ್ಲವೋ ಎಂದು ಮುಟ್ಟಿ ನೋಡಿಕೊಳ್ಳುವಂಥ ಚಳಿ. ಅಂಥದ್ದರಲ್ಲಿ ಈ ಗಂಡ ಮಹಾರಾಯ ಮನೆಗೆಲ್ಲ ಹೀಟರ್ ಉರಿಸಿಕೊಂಡು ಕೂತಿದ್ದಾನಲ್ಲ ಎಂದು ಅವಳಿಗೆ ಮೊದಲು ಬಂದದ್ದು ಸಿಟ್ಟು.

ಸಿಟ್ಟಿಗೆ ಬೇರೆ ಕಾರಣವೂ ಇತ್ತು ಅನ್ನಿ. ಗಾನವಿ ಸಿಡ್ನಿಯಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸದಲ್ಲಿದ್ದಳು. ಗಂಡ ತೇಜಸ್‌ಗೆ ಮೆಲ್ಬರ್ನಿನಲ್ಲಿ ಕೆಲಸ. ಎರಡು ವಾರಕ್ಕೊಮ್ಮೆ ವಿಮಾನ ಹತ್ತಿ ಬರುತ್ತಿದ್ದವಳು ಈ ಸಲ ಪ್ರಾಜೆಕ್ಟ್ ಕಾಟದಲ್ಲಿ ಎರಡು ತಿಂಗಳು ಬಂದಿರಲಿಲ್ಲ. ಅಷ್ಟು ದಿನದ ಮೇಲೆ ಹೆಂಡತಿ ಬರುತ್ತಾಳೆ ಅಂದರೆ ಯಾವ ಗಂಡಸಾದರೂ ಏರ್‌ಪೋರ್ಟಿಗೆ ಬರುತ್ತಾನೆ. ಇವನು ಫೋನೂ ಎತ್ತಿರಲಿಲ್ಲ.

ಬಾಗಿಲು ತೆಗೆದವನು ಲುಂಗಿ, ಬನಿಯನ್‌ನಲ್ಲಿದ್ದ. ಕುತ್ತಿಗೆಯಲ್ಲಿ ಬೆವರು. ಎರಡು ತಿಂಗಳಲ್ಲಿ ಕೆನ್ನೆ ಒಳಕ್ಕೆ ಹೋಗಿತ್ತು. ಅಂಗಡಿಗೆ ಹೋಗಿ ಹಾಲು ತಂದವಳನ್ನು ನೋಡುವಂತೆ ಅವಳನ್ನು ನೋಡಿದ, ಕೆಮ್ಮಿದ, ಆಮೇಲೆ ಅವಳ ಕಾಲನ್ನೇ ನೋಡುತ್ತಾ ಹೇಳಿದ.

"ಚಪ್ಪಲಿ ಹೊರಗ ಬಿಡು."

ಗಾನವಿಗೆ ನಗು ಬಂತು. ಅವನ ಬಾಯಲ್ಲಿ ಸವಣೂರಿನ ಮಾತು ಕೇಳಿ ಎಷ್ಟು ವರ್ಷವಾಗಿತ್ತು. ಇಬ್ಬರೂ ಮೆಲ್ಬರ್ನಿನ ಇನ್ನೊಂದು ಬಡಾವಣೆ ಕ್ಲೇಟನ್‌ನಲ್ಲಿ ಓದುವಾಗ ಪರಿಚಯವಾದವರು. ಒಂದೇ ಬಾಡಿಗೆ ಮನೆಯಲ್ಲಿ ಆರು ಜನ ಕನ್ನಡದವರು, ಅದರಲ್ಲಿ ಐವರು ಬೆಂಗಳೂರು, ಮೈಸೂರಿನವರು. ಇವನು ಬಾಯಿ ತೆಗೆದರೆ ಸಾಕು, ಎಲ್ಲರೂ ಅವನ ಧಾಟಿಯಲ್ಲೇ ಅಣಕಿಸುತ್ತಿದ್ದರು. ಒಂದೇ ತಿಂಗಳಲ್ಲಿ ಅವನು ಅಪ್ಪಟ ಬೆಂಗಳೂರಿನವನಾಗಿಬಿಟ್ಟಿದ್ದ. ಅಂದಿನಿಂದ ಊರ ಮಾತು ಹೊರಬರುತ್ತಿದ್ದುದು ಅವನ ತಾಯಿ ಗೌರಕ್ಕನ ಫೋನ್ ಬಂದಾಗ ಮಾತ್ರ.

ಮನೆಯೊಳಗೆ ಕಾಲಿಟ್ಟರೆ ಸೆಖೆ. ಬಿಸಿ ಮಾತ್ರವಲ್ಲ, ಬಚ್ಚಲ ಹಂಡೆಯ ಪಕ್ಕ ನಿಂತ ಹಾಗೆ ಮೈಗೆ ಅಂಟುವ ಸೆಖೆ. ಅವಳು ಜಾಕೆಟ್ ಬಿಚ್ಚಿ ನೇರ ಹೀಟರ್ ಕಡೆ ಹೋದಳು. ಅದು ಆರಿತ್ತು. ಮುಟ್ಟಿದರೆ ತಣ್ಣಗಿತ್ತು. ಬಿಸಿ ಬರುತ್ತಿದ್ದುದು ಹಿಂದಿನ ಕೋಣೆಯಿಂದ. ಆ ಬಾಗಿಲ ಸಂದಿಗೆ ಒದ್ದೆ ಟವೆಲ್ ಸಿಕ್ಕಿಸಿತ್ತು.

ತೋರಿಸು ಎಂದು ಅವಳು ಕೇಳಲೇ ಇಲ್ಲ. ಅವನೇ ಹೊಸ ಸಂಸಾರ ತೋರಿಸುವವನ ಹುರುಪಿನಲ್ಲಿ ಬಾಗಿಲು ತೆಗೆದ. ಕಿಟಕಿಗೆ ಕರಿ ಪ್ಲಾಸ್ಟಿಕ್ ಬಡಿದಿತ್ತು. ಮೇಲಿಂದ ದೊಡ್ಡದೊಂದು ದೀಪ ಕಣ್ಣು ಕುಕ್ಕುತ್ತಿತ್ತು. ಅದರ ಕೆಳಗೆ ನಾಲ್ಕು ಕುಂಡ, ಕುಂಡದಲ್ಲಿ ಭುಜದೆತ್ತರದ ಗಿಡ. ಬೆರಳು ಬಿಡಿಸಿದ ಹಾಗಿನ ಆ ಎಲೆ ಯಾವುದು ಅಂತ ಗೊತ್ತಾಗದಷ್ಟು ಪಾಪದವಳೇನಲ್ಲ ಗಾನವಿ. ಕ್ಲೇಟನ್‌ನಲ್ಲಿ ಓದಿದವರು ಯಾರೂ ಅಲ್ಲ. ನೆಲದ ತುಂಬ ಬಾಸ್ಮತಿ ಅಕ್ಕಿಯ ಗೋಣಿಚೀಲಗಳನ್ನು ನೆನೆಸಿ ಹಾಸಿದ್ದ. ಮೂಲೆಮೂಲೆಗೆ ಬಕೆಟ್‌ಗಳಲ್ಲಿ ನೀರು. ಗೋಡೆಯ ಮೇಲಿಂದ ಹನಿಗಳು ಸಾಲುಸಾಲಾಗಿ ಇಳಿಯುತ್ತಿದ್ದವು. ದೀಪದ ಹಗ್ಗಕ್ಕೆ ಒಂದು ಪುಟ್ಟ ಮೀಟರ್ ಕಟ್ಟಿದ್ದ. ಬಿಸಿ ಮೂವತ್ತೊಂದು ಡಿಗ್ರಿ, ಗಾಳಿಯಲ್ಲಿನ ತೇವ ನೂರಕ್ಕೆ ಎಂಬತ್ತೆಂಟು.

ಇದೇನೋ ಇದು, ತಲೆ ಕೆಟ್ಟಿದೆಯಾ ನಿನಗೆ ಎಂದು ಅವಳು ಕೂಗಾಡಿದಳು. ಕೂಗಾಡದೆ ಇನ್ನೇನು ಮಾಡುತ್ತಾಳೆ? ಇಬ್ಬರ ಪಿಆರ್, ಅಂದರೆ ಕಾಯಂ ವಾಸದ ಅರ್ಜಿಯೂ ಕೊನೆಯ ಹಂತದಲ್ಲಿ ಕೂತಿತ್ತು. ಪೊಲೀಸರ ಹತ್ತಿರ ಒಂದು ಸಾಲು ಬರೆಸಿಕೊಂಡರೂ ಗಂಟುಮೂಟೆ ಕಟ್ಟಬೇಕಾದೀತು. ಸಾಲದ್ದಕ್ಕೆ ಫ್ರಿಜ್ಜಿನ ಮೇಲೆ ಬಾಡಿಗೆ ಏಜೆಂಟಳ ನೋಟಿಸು: ಬರುವ ಗುರುವಾರ ಬೆಳಿಗ್ಗೆ ಮನೆ ಇನ್‌ಸ್ಪೆಕ್ಷನ್. ಆ ಹೆಂಗಸು ಬೀರುವಿನ ಬಾಗಿಲನ್ನೂ ಬಿಡದೆ ತೆಗೆದು ನೋಡುವ ಪೈಕಿ.

ಅವನು ಸಮಾಧಾನವಾಗಿ ಎಲ್ಲ ಹೇಳಿದ. ಆಫೀಸಿನ ಶೇನ್ ಎನ್ನುವವನು ಮನೆ ಬದಲಾಯಿಸುವಾಗ ದೀಪ, ಮೀಟರ್ ಸಮೇತ ನಾಲ್ಕು ಸಣ್ಣ ಗಿಡ ತಂದಿಟ್ಟನಂತೆ. ಎರಡು ವಾರ ನೋಡಿಕೋ ಅಂದವನು ಕೆಲಸ ಬಿಟ್ಟು ಕ್ವೀನ್ಸ್‌ಲ್ಯಾಂಡಿಗೋ ಎಲ್ಲಿಗೋ ಹೋದ, ಫೋನ್ ನಂಬರೂ ಸತ್ತಿತು. ಬಿಸಾಕಬೇಕೆಂದು ತೇಜಸ್ ಕುಂಡವನ್ನು ಎತ್ತಿಯೂ ಎತ್ತಿದ್ದ. ಎಲೆಗಳು ಬಾಡಿ ಜೋತು ಬಿದ್ದಿದ್ದವು. ಸ್ವಲ್ಪ ನೀರು ಚಿಮುಕಿಸಿದ. ಮಾರನೆಯ ದಿನ ತಲೆ ಎತ್ತಿ ನಿಂತವು. ಅಲ್ಲಿಗೆ ಮುಗಿಯಿತು.

ಮುಗಿಯಿತು ಏಕೆಂದರೆ ತೇಜಸ್ ಬೆಳೆದದ್ದು ವೀಳ್ಯದೆಲೆ ತೋಟದಲ್ಲಿ. ತಾಯಿ ಗೌರಕ್ಕ ಹುಬ್ಬಳ್ಳಿಯಲ್ಲಿ ಟೀಚರ್, ಮಗನನ್ನು ಸವಣೂರಿನಲ್ಲಿ ತನ್ನ ತಾಯಿ ಚನ್ನಕ್ಕನ ಹತ್ತಿರ ಬಿಟ್ಟಿದ್ದಳು. ಆ ಅಜ್ಜಿಯನ್ನು ಅವನು ಕರೆಯುತ್ತಿದ್ದುದು ಆಯಿ ಎಂದು. ಎಲೆಬಳ್ಳಿಗೆ ನೆರಳು ಬೇಕು, ಸೆಖೆ ಬೇಕು, ನೆಲ ಒಣಗಬಾರದು, ಗಾಳಿ ನುಗ್ಗಬಾರದು. ತೋಟದೊಳಗೆ ಚಪ್ಪಲಿ ಮೆಟ್ಟಿ ಹೋಗುವ ಹಾಗಿಲ್ಲ, ಅದು ದೇವರ ಮನೆಯಷ್ಟೇ ಮಡಿ. ಸಂಜೆ ಆಯಿ ಬೇವಿನ ಕೆಳಗೆ ಕೂತು ಕೊಯ್ದ ಎಲೆಗೆ ಬೆರಳಲ್ಲಿ ನೀರು ಚಿಮುಕಿಸುತ್ತಾ ಒಂದರ ಮೇಲೊಂದು ಜೋಡಿಸಿ ಕಟ್ಟು ಕಟ್ಟುತ್ತಿದ್ದಳು, ಅವನು ಪಕ್ಕದಲ್ಲಿ ಕೂತು ಕೈಗೆ ಎಲೆ ಕೊಡುತ್ತಿದ್ದ. ಆಯಿ ಹೋದ ವರ್ಷ ಆಗಸ್ಟ್ ಕೊನೆಯಲ್ಲಿ ತೀರಿಕೊಂಡಾಗ ಇವನು ಇಲ್ಲಿ, ಪಿಆರ್ ತೀರ್ಮಾನವಾಗುವವರೆಗೆ ಕೊಡುವ ಬ್ರಿಡ್ಜಿಂಗ್ ವೀಸಾದಲ್ಲಿದ್ದ. ದೇಶ ಬಿಡಲು ಬೇರೆ ಅನುಮತಿ ಬೇಕು, ಅದು ಬರುವ ಹೊತ್ತಿಗೆ ಅಲ್ಲಿ ಮಣ್ಣು ಕೊಟ್ಟು ಮುಗಿದಿತ್ತು. ಅವನು ಆಗ ಅಳಲಿಲ್ಲ. ಎರಡು ದಿನ ರಜೆ ಹಾಕಿ ಮೂರನೆಯ ದಿನ ಆಫೀಸಿಗೆ ಹೋಗಿದ್ದ. ಗಟ್ಟಿ ಮನುಷ್ಯ ಅಂದುಕೊಂಡಿದ್ದಳು ಗಾನವಿ.

ಈಗ ನೋಡಿದರೆ ಆ ಗಾಂಜಾ ಗಿಡವನ್ನು ಎಲೆಬಳ್ಳಿಯ ಹಾಗೆ ಸಾಕಿದ್ದಾನೆ, ಪುಣ್ಯಾತ್ಮ. ಅವಳು ಲ್ಯಾಪ್‌ಟಾಪ್ ತೆಗೆದು ಇಂಟರ್ನೆಟ್ಟಿನಲ್ಲಿ ಓದಿದಳು. ಹೊಸಬರು ಮಾಡುವ ತಪ್ಪೇ ಇದು ಎಂದು ಯಾರ್ಯಾರೋ ಬರೆದಿದ್ದರು: ಹೂ ಬಿಡುವ ಹೊತ್ತಿಗೆ ಈ ಗಿಡಕ್ಕೆ ಒಣ ಹವೆ ಬೇಕು, ಫ್ಯಾನ್ ಬೇಕು, ತೇವ ಹೆಚ್ಚಾದರೆ ಹೂವಿನ ಹೊಟ್ಟೆಯೊಳಗೇ ಬೂಷ್ಟು ಹಿಡಿಯುತ್ತದೆ. ನಿಜವೇ. ಹತ್ತಿರ ಹೋಗಿ ನೋಡಿದರೆ ಒಂದೊಂದು ಹೂಗೊಂಚಲಿನ ಒಳಗೂ ಬೂದಿಬಣ್ಣದ ನಯವಾದ ರೋಮ ಎದ್ದಿತ್ತು. ಅವನ ಕೆಮ್ಮು ಎಲ್ಲಿಂದ ಬಂತು ಎನ್ನುವುದೂ ಅವಳಿಗೆ ಆಗ ಹೊಳೆಯಿತು. ಕಿಟಕಿಯನ್ನಾದರೂ ತೆಗೆಯೋ ಎಂದು ಕೇಳಿದಳು. ಏನೂ ತಿಳಿಯದ ಮಗುವನ್ನು ನೋಡುವ ಹಾಗೆ ಅವಳನ್ನು ನೋಡಿ, ಗಾಳಿ ಬಡದ್ರ ಎಲಿ ಸುಡತಾವ ಅಂದ.

ಭಾನುವಾರ ಅವಳು ಅವನನ್ನು ಕೇಳುವ ಗೋಜಿಗೇ ಹೋಗಲಿಲ್ಲ. ಅಡುಗೆಮನೆಯ ಕತ್ತರಿ ತಂದಳು. ಅವನು ತಡೆಯುತ್ತಾನೆ, ಜಗಳವಾಗುತ್ತದೆ ಎಂದು ಸೊಂಟ ಕಟ್ಟಿಕೊಂಡೇ ಬಂದಿದ್ದಳು. ಅವನು ತಡೆಯಲಿಲ್ಲ. ಹೊಸ್ತಿಲ ಹೊರಗೆ ಕಾಲು ಮಡಚಿ ಕೂತು, ಅವಳ ಬೂಟನ್ನೇ ನೋಡುತ್ತಿದ್ದ. ಅವಳು ಮೊದಲ ಕೊಂಬೆ ಕತ್ತರಿಸಿದಳು. ಆ ಗಿಡದ ನಾತ ಎಂಥದ್ದೆಂದು ಅವಳಿಗೆ ಗೊತ್ತು. ಈಗ ಬಂದದ್ದು ಅದಲ್ಲ. ಮದುವೆಮನೆಯಲ್ಲಿ ತಾಂಬೂಲದ ತಟ್ಟೆ ಮೂಗಿನ ಹತ್ತಿರ ಬಂದಾಗ ಬರುತ್ತದಲ್ಲ, ಆ ಖಾರಖಾರ ಹಸಿ ವಾಸನೆ, ಚಿಗುರು ವೀಳ್ಯದೆಲೆ ಹಿಸುಕಿದ ವಾಸನೆ. ಮೈಸೂರಿನವಳಿಗೆ ಆ ವಾಸನೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಅವಳ ಕೈ ನಿಂತಿತು. ಮೂಗಿಗೂ ಬೂಷ್ಟು ಹತ್ತಿರಬೇಕು ಎಂದು ತನ್ನನ್ನೇ ಬೈದುಕೊಂಡು ಮತ್ತೆ ಕತ್ತರಿ ಆಡಿಸಿದಳು. ನಾಲ್ಕೂ ಗಿಡ ಚೂರಾದವು, ಕರಿ ಚೀಲ ಸೇರಿದವು. ಮೇಲೆ ಹಳಸಿದ ಅನ್ನ, ಈರುಳ್ಳಿ ಸಿಪ್ಪೆ ಸುರಿದು ಕಸದ ಡಬ್ಬಕ್ಕೆ ಹಾಕಿದಳು.

ಆಮೇಲೆ ಕೋಣೆ ಒಣಗಿಸುವ ಕೆಲಸ. ಕಿಟಕಿಯ ಪ್ಲಾಸ್ಟಿಕ್ ಕಿತ್ತಳು, ದೀಪ ಇಳಿಸಿದಳು, ಗೋಣಿ, ಬಕೆಟ್ ಎಲ್ಲ ಹೊರಗೆ. ಹಾರ್ಡ್‌ವೇರ್ ಅಂಗಡಿಗೆ ಹೋಗಿ ಗಾಳಿಯಿಂದ ನೀರು ಹೀರುವ ಮಷೀನು, ಒಂದು ಫ್ಯಾನು ತಂದಳು. ಬ್ಲೀಚ್ ಹಾಕಿ ಗೋಡೆ ತಿಕ್ಕಿದಳು. ಸಂಜೆಯ ಹೊತ್ತಿಗೆ ಮೀಟರ್ ಅರ್ಧಕ್ಕಿಂತ ಕೆಳಗೆ ಬಂತು. ಇಡೀ ಮನೆ ತಣ್ಣಗಾಗಿ, ಎರಡು ತಿಂಗಳ ಮೇಲೆ ಎಲ್ಲರ ಮನೆಯ ಹಾಗಾಯಿತು. ತೇಜಸ್ ಸ್ವೆಟರ್ ಹಾಕಿಕೊಂಡು ಸಾರು ಅನ್ನ ಉಂಡ. ಗಾನವಿಗೆ ಗೆದ್ದೆ ಅನ್ನಿಸಿತು.

ಸೋಮವಾರ ಅವನು ಕೆಲಸಕ್ಕೆ ಹೋದ. ಅವಳು ಗುರುವಾರದವರೆಗೆ ರಜೆ ಹಾಕಿದ್ದಳು. ಮಧ್ಯಾಹ್ನ ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತಿದ್ದಾಗ ಎಲ್ಲೋ ನಲ್ಲಿ ತೊಟ್ಟಿಕ್ಕುವ ಸದ್ದು ಕೇಳಿಸಿತು. ಪಟ್. ಸ್ವಲ್ಪ ಹೊತ್ತು ಬಿಟ್ಟು, ಪಟ್. ನಲ್ಲಿಗಳನ್ನೆಲ್ಲ ಬಿಗಿ ಮಾಡಿ ಬಂದಳು. ಸದ್ದು ನಿಲ್ಲಲಿಲ್ಲ. ಹಿಂದಿನ ಕೋಣೆಯ ಬಾಗಿಲು ತೆಗೆದರೆ ಮುಖಕ್ಕೆ ಸೆಖೆ ಬಡಿಯಿತು. ಒಳಗೆ ದೀಪವಿಲ್ಲ, ಗಿಡವಿಲ್ಲ, ತೊಟ್ಟು ನೀರಿಲ್ಲ. ತಾನೇ ತೆಗೆದಿಟ್ಟಿದ್ದ ಕಿಟಕಿ ಮುಚ್ಚಿತ್ತು. ನೀರು ಹೀರುವ ಮಷೀನಿನ ತೊಟ್ಟಿ ತುಂಬಿ ತುಳುಕಿ ಅದಾಗಿಯೇ ನಿಂತುಹೋಗಿತ್ತು. ಗೋಡೆಯಲ್ಲಿ ಹನಿ ಇಳಿಯುತ್ತಿತ್ತು. ಮೀಟರಿನಲ್ಲಿ ಮೂವತ್ತೊಂದು, ಎಂಬತ್ತೆಂಟು.

ಟೆಸ್ಟಿಂಗ್ ಮಾಡುವವರ ಬುದ್ಧಿ ನೋಡಿ, ದೆವ್ವವೇ ಎದುರು ಬಂದರೂ ಮೊದಲು ಮೀಟರ್ ಸರಿ ಇದೆಯಾ ಎಂದು ನೋಡುತ್ತಾರೆ. ಅವಳು ಮೀಟರನ್ನು ಅಡುಗೆಮನೆಗೆ ತಂದಿಟ್ಟಳು. ಇಳಿಯಿತು. ಕೋಣೆಗೆ ಒಯ್ದಳು. ಏರಿತು. ಹಾಲಿನಲ್ಲಿಟ್ಟಳು, ಇಳಿಯಿತು. ಗೋಡೆಯೊಳಗೆ ಬಿಸಿನೀರಿನ ಪೈಪು ಒಡೆದಿರಬೇಕು ಎಂದುಕೊಂಡು ಅಂಗೈಯಿಟ್ಟು ಒತ್ತಿ ನೋಡಿದಳು. ಗೋಡೆ ಬೆಚ್ಚಗಿತ್ತು. ಅಂಗೈಯ ಕೆಳಗೆ ಅದು ಹಸುವಿನ ಪಕ್ಕೆಯ ಹಾಗೆ ಒಂದಿಷ್ಟು ಒಳಗೆ ಹೋಗಿ, ಮತ್ತೆ ಮೆಲ್ಲಗೆ ಹೊರಗೆ ಬಂತು. ಗಾನವಿ ಕೈ ಕಿತ್ತುಕೊಂಡು, ಬಾಗಿಲು ಎಳೆದು, ಅಂಗಳಕ್ಕೆ ಬಂದು ನಿಂತಳು. ಪಕ್ಕದ ಖಾಲಿ ಸೈಟಿನಲ್ಲಿ ಕೆಲಸದವರು ಮನೆಯ ಚೌಕಟ್ಟು ನಿಲ್ಲಿಸುತ್ತಿದ್ದರು. ಅವರ ಸುತ್ತಿಗೆ ಸದ್ದು ಕೇಳುತ್ತಾ ತೇಜಸ್ ಬರುವವರೆಗೆ ಚಳಿಯಲ್ಲೇ ಕೂತಿದ್ದಳು.

ಮಂಗಳವಾರವೂ ಅದೇ ಹಾಡು. ಒರೆಸಿದಳು, ತೆಗೆದಳು, ಫ್ಯಾನ್ ಹಾಕಿದಳು. ಮೀಟರ್ ಇಳಿದಂತೆ ಮಾಡಿ, ಅವಳು ಬೆನ್ನು ತಿರುಗಿಸಿದ ಕೂಡಲೇ ಏರಿತು. ಆ ಸದ್ದು ಮಾತ್ರ ಸ್ಪಷ್ಟವಾಗುತ್ತಾ ಹೋಯಿತು. ನೀರು ತೊಟ್ಟಿಕ್ಕುವುದಕ್ಕೆ ಒಂದು ಲೆಕ್ಕವಿರುತ್ತದೆ. ಇದು ಹಾಗಲ್ಲ. ಬೇಗ ಬೇಗ ನಾಲ್ಕಾರು ಸಲ, ಆಮೇಲೆ ಒಂದು ಬಿಡುವು, ಬಿಡುವಿನಲ್ಲಿ ಬೆರಳು ಕೊಡವಿ ನೀರು ಚಿಮುಕಿಸಿದಂತೆ ಸಣ್ಣ ಸದ್ದು, ಮತ್ತೆ ಪಟ್ ಪಟ್. ಒದ್ದೆ ಎಲೆಯ ಮೇಲೆ ಒದ್ದೆ ಎಲೆ. ಅದು ಹೊಳೆದ ಗಳಿಗೆಯಲ್ಲಿ ಅವಳು ಗೋಡೆಗೊರಗಿ ಕೂತಳು. ಆಮೇಲೆ ಆ ಗೋಡೆಯಿಂದಲೂ ಸರಿದು ಕೂತಳು.

ತೇಜಸ್‌ಗೆ ಹೇಳಲೋ ಬೇಡವೋ ಎಂದು ಒದ್ದಾಡಿದಳು. ಹೇಳುವ ಪ್ರಸಂಗವೇ ಬರಲಿಲ್ಲ. ಬುಧವಾರ ಸಂಜೆ ಅವನು ಆಫೀಸಿನಿಂದ ಬಂದವನು ಬಾಗಿಲಲ್ಲೇ ನಿಂತು ಕಿವಿಗೊಟ್ಟ. ಅವನ ಮುಖ ಅರಳಿತು. ಶೂ, ಸಾಕ್ಸು ಕಳಚಿದ, ಪ್ಯಾಂಟು ಮೊಣಕಾಲವರೆಗೆ ಮಡಚಿದ, ಹಿಂದಿನ ಕೋಣೆಯ ಕಡೆ ನಡೆದ. ಅವಳು ತೋಳು ಹಿಡಿದು ಜಗ್ಗಿದಳು. ಅವನು ಮೆತ್ತಗೆ ಬಿಡಿಸಿಕೊಂಡ.

"ಆಯಿ ಒಬ್ಬಾಕಿನ ಕುಂತಾಳ," ಅಂದ. "ಕೈ ಕೂಡಿಸಿದ್ರ ಲಗೂನ ಮುಗೀತದ."

ಒಳಗೆ ಹೋಗಿ ಗೋಡೆಯ ಪಕ್ಕ ಕುಕ್ಕರಗಾಲಲ್ಲಿ ಕೂತ. ಎರಡೂ ಕೈ ಮುಂದೆ ಚಾಚಿ, ಏನೋ ಎತ್ತಿ ಎತ್ತಿ ಪಕ್ಕಕ್ಕೆ ಕೊಡತೊಡಗಿದ. ಅವನು ಕೊಟ್ಟಾಗೊಮ್ಮೆ ಆ ಸದ್ದು ಬರುತ್ತಿತ್ತು. ಊಟಕ್ಕೆ ಕರೆದಳು, ಬೈದಳು, ಅತ್ತಳು. ಅವನು ಕೆಮ್ಮುತ್ತಾ, ನಗುತ್ತಾ, ಯಾರದೋ ಮಾತಿಗೆ ಹೂಂಗುಡುತ್ತಾ ಕೂತೇ ಇದ್ದ. ಆಂಬುಲೆನ್ಸಿಗೆ ಫೋನ್ ಮಾಡಲು ಹೋದವಳು ಅವರಿಗೆ ಈ ಕೋಣೆಯ ಬಗ್ಗೆ ಏನೆಂದು ಹೇಳಲಿ ಎಂದು ಫೋನ್ ಕೆಳಗಿಟ್ಟಳು. ಅದಕ್ಕಾಗಿ ತನ್ನ ಮೇಲೇ ಅಸಹ್ಯಪಟ್ಟುಕೊಂಡಳು.

ಗುರುವಾರ ಬೆಳಗಾಯಿತು. ಏಜೆಂಟಳು ಬರಲು ಹೆಚ್ಚು ಹೊತ್ತಿರಲಿಲ್ಲ. ಗೋಡೆಯ ಬಣ್ಣ ಉಬ್ಬಿ ಗುಳ್ಳೆಯಾಗಿತ್ತು. ತೇಜಸ್‌ನ ಬಟ್ಟೆ ಮೈಗೆ ಅಂಟಿ, ತುಟಿ ನೀಲಿಯಾಗಿ, ಉಸಿರು ಗೊರಗೊರ ಅನ್ನುತ್ತಿತ್ತು. ಕೈ ಮಾತ್ರ ನಿಂತಿರಲಿಲ್ಲ. ಗಾನವಿಗೆ ಪಿಆರ್, ಪೊಲೀಸು ಎಲ್ಲ ಮರೆತುಹೋಯಿತು. ಇವನು ಈ ಕೋಣೆಯಿಂದ ಎದ್ದು ಬಂದರೆ ಸಾಕು, ಉಳಿದದ್ದೆಲ್ಲ ಹಾಳಾಗಿ ಹೋಗಲಿ ಅನ್ನಿಸಿತು. ಹೊಸ್ತಿಲಲ್ಲಿ ಬೂಟು ಕಳಚಿದಳು. ಸಾಕ್ಸನ್ನೂ ತೆಗೆದಳು. ಬರಿಗಾಲಿಟ್ಟರೆ ನೆಲ ಆಗ ತಾನೇ ನೀರು ಹಾಯಿಸಿದ ಮಣ್ಣಿನ ಹಾಗೆ ಬೆಚ್ಚಗೆ, ಮೆದುವಾಗಿತ್ತು. ಅವನ ಎದುರಿಗೆ ಹೋಗಿ ಕೂತಳು. ಅವನ ಪಕ್ಕದ ಖಾಲಿ ಜಾಗದಲ್ಲಿ ಸೆಖೆ ಎಲ್ಲಕ್ಕಿಂತ ಹೆಚ್ಚಿತ್ತು. ಆ ಜಾಗಕ್ಕೆ ಕೈಮುಗಿದಳು. ಆಯಿಯನ್ನು ಅವಳು ನೋಡಿದ್ದು ಮದುವೆಯಲ್ಲಿ ಒಂದೇ ಸಲ. ಕಾಲು ಮುಟ್ಟಿದಾಗ ಅಂಗಾಲು ಒರಟಾಗಿತ್ತು ಎನ್ನುವುದೊಂದೇ ನೆನಪು.

"ಆಯಿ, ನಾನು ಗಾನವಿ," ಅಂದಳು. "ಅವನು ಮಣ್ಣಿಗೆ ಬರಲಿಲ್ಲ ಅಂತ ನಿಮಗೆ ನೋವಾಗಿದ್ರೆ ಅದು ನ್ಯಾಯಾನೇ. ಆದ್ರೆ ಹೀಗೇ ಬಿಟ್ರೆ ಇವನು ಉಳಿಯಲ್ಲ. ಇವನನ್ನ ನನಗೆ ಬಿಟ್ಟುಕೊಡಿ. ಇವನ ಹತ್ರ ನಿಮ್ಮದು ಏನೇನಿದೆಯೋ ಎಲ್ಲಾನೂ ತಗೊಂಡು ಹೋಗಿ."

ಸದ್ದು ನಿಂತಿತು. ಕೋಣೆ ಒಮ್ಮೆ ದೀರ್ಘವಾಗಿ ಉಸಿರೆಳೆದುಕೊಂಡಿತು, ಅವಳ ಕೂದಲು ಗೋಡೆಯ ಕಡೆಗೆ ಹಾರಿತು. ಬಿಸಿ ನೆಲದೊಳಕ್ಕೆ ಇಂಗತೊಡಗಿತು. ಮೊದಲು ಅವಳ ಅಂಗಾಲು ತಣ್ಣಗಾಯಿತು, ಆಮೇಲೆ ಮಂಡಿ, ಆಮೇಲೆ ಮುಖ. ತೇಜಸ್‌ನ ಕೈ ಗಾಳಿಯಲ್ಲೇ ನಿಂತಿತ್ತು. ಅವನ ಬೆರಳುಗಳನ್ನು ಯಾರೋ ಒಂದೊಂದಾಗಿ ಬಿಡಿಸಿದ ಹಾಗೆ ಮುಷ್ಟಿ ತೆರೆದುಕೊಂಡಿತು. ಅವನು ನಡುಗಿದ, ಕಣ್ಣು ಹೊಸಕಿಕೊಂಡ, ಕೋಣೆಯನ್ನು ಸುತ್ತ ನೋಡಿದ.

"ಇಲ್ಯಾಕೆ ಕೂತಿದ್ದೀವಿ?" ಎಂದು ಅಚ್ಚ ಬೆಂಗಳೂರಿನ ಕನ್ನಡದಲ್ಲಿ ಕೇಳಿದ. "ಏಜೆಂಟ್ ಬರೋ ಟೈಮ್ ಆಯ್ತಲ್ವಾ?"

ಏಜೆಂಟಳು ಬಂದಳು, ಬೀರು ತೆಗೆದಳು, ಓವನ್ ಒಳಗೆ ಇಣುಕಿದಳು. ಹಿಂದಿನ ಕೋಣೆಯ ಗೋಡೆಯಲ್ಲಿ ಅಲ್ಲಲ್ಲಿ ಬಣ್ಣ ಸುಲಿದದ್ದು ಬಿಟ್ಟರೆ ಏನೂ ಇರಲಿಲ್ಲ. ಹೊಸ ಮನೆಗಳ ಹಣೆಬರಹವೇ ಇಷ್ಟು ಎಂದು ಅವಳೇ ಸಮಾಧಾನ ಹೇಳಿ, ಕೋಣೆ ಚೆನ್ನಾಗಿ ಒಣಗಿದೆ ಎಂದು ಹೊಗಳಿ ಹೋದಳು. ಅವಳ ಕಾರು ತಿರುವಿನಲ್ಲಿ ಮರೆಯಾದ ಮೇಲೆ ಗಾನವಿ ಗಂಡನನ್ನು ತಬ್ಬಿಕೊಂಡು ಗೋಳೋ ಎಂದು ಅತ್ತಳು. ಅವನು ಏನಾಯ್ತು ಕಣೇ, ಏನಾಯ್ತು ಎಂದು ಬೆನ್ನು ಸವರಿದ. ಸಂಜೆಯ ಹೊತ್ತಿಗೆ ಅವನ ಕೆಮ್ಮೂ ನಿಂತಿತ್ತು.

ಆಗಸ್ಟ್ ಮೊದಲ ವಾರ ಪಿಆರ್ ಬಂತು. ಗಾನವಿ ಸಿಡ್ನಿಯ ಕೆಲಸಕ್ಕೆ ರಾಜೀನಾಮೆ ಬರೆದು, ಬಟ್ಟೆಬರೆ ಕಟ್ಟಿಕೊಂಡು ಟಾರ್ನೀಟಿಗೇ ಬಂದುಬಿಟ್ಟಳು. ತೇಜಸ್ ಮೈ ಕೈ ತುಂಬಿಕೊಂಡಿದ್ದ, ಹಾಸ್ಯ ಮಾಡುತ್ತಿದ್ದ, ಅಡುಗೆಯಲ್ಲಿ ಕೈಜೋಡಿಸುತ್ತಿದ್ದ. ಒಂದೆರಡು ಸಲ ಅವನ ಮುಖದಲ್ಲಿ ಏನೋ ಖಾಲಿಯಾದಂತೆ ಕಂಡರೂ ಅವಳು ಕೆದಕಲು ಹೋಗಲಿಲ್ಲ. ಕೆದಕಲು ಹೆದರಿಕೆ ಅನ್ನಿ.

ಒಂದು ಭಾನುವಾರ ಮಧ್ಯಾಹ್ನ ಗೌರಕ್ಕನ ಫೋನ್ ಬಂತು. ತೇಜಸ್ ಸೋಫಾದಲ್ಲಿ ಕೂತು ಮಾತಾಡುತ್ತಿದ್ದ. ತಾಯಿಯ ಜೊತೆಯೂ ಅವನು ಆಡುತ್ತಿದ್ದುದು ಬೆಂಗಳೂರಿನ ಮಾತೇ ಎನ್ನುವುದನ್ನು ಗಾನವಿ ಅವತ್ತು ಗಮನಿಸಿದಳು. ಹೂಂ, ಹೂಂ ಎನ್ನುತ್ತಿದ್ದವನು ಫೋನಿಗೆ ಕೈ ಅಡ್ಡ ಹಿಡಿದು ಅವಳ ಕಡೆ ತಿರುಗಿದ. ಯಾರದೋ ವರ್ಷದ ಪುಣ್ಯತಿಥಿಯಂತೆ, ಪಿಆರ್ ಬಂತಲ್ಲ, ಈಗಲಾದರೂ ಬಂದು ಹೋಗು ಅಂತ ಅಮ್ಮ ಅಳುತ್ತಿದ್ದಾರೆ ಅಂದ. ಚನ್ನಕ್ಕ ಅಂದರೆ ಯಾರು ಎಂದು ಕೇಳಿದ.

ತಮಾಷೆ ಮಾಡಬೇಡ ಎಂದಳು ಗಾನವಿ. ಅವನು ತಮಾಷೆ ಮಾಡುತ್ತಿರಲಿಲ್ಲ. ನಿನ್ನ ಆಯಿ ಕಣೋ ಎಂದಳು. ಆ ಶಬ್ದವನ್ನು ಅವನು ಬಾಯಲ್ಲಿ ಒಮ್ಮೆ ಹೊರಳಿಸಿ ನೋಡಿ, ಗೊತ್ತಾಗದೆ ತಲೆಯಾಡಿಸಿದ. ಸವಣೂರು, ತೋಟ, ಬೇವಿನ ಮರ, ನಿನ್ನನ್ನ ಸಾಕಿದವರು ಎಂದು ಒಂದೊಂದಾಗಿ ಹೇಳುತ್ತಾ ಹೋದಳು, ಅವಳ ದನಿ ಸಣ್ಣದಾಗುತ್ತಾ ಬಂತು. ಅವನು ಪರೀಕ್ಷೆಗೆ ಪಾಠ ಕೇಳಿಸಿಕೊಳ್ಳುವವನ ಹಾಗೆ ಗಮನವಿಟ್ಟು ಕೇಳಿದ. ನಾನು ಬೆಳೆದದ್ದು ಹುಬ್ಬಳ್ಳಿಯಲ್ಲಿ ಅಮ್ಮನ ಹತ್ತಿರ ಇರಬೇಕಲ್ಲ ಎಂದು ಅನುಮಾನದಿಂದ ಹೇಳಿದ. ಹಾಗೆ ಹೇಳುವಾಗ ಏನನ್ನೋ ಹುಡುಕುತ್ತಿದ್ದ, ಸಿಗಲಿಲ್ಲ.

ಅತ್ತ ಫೋನಿನಲ್ಲಿ ಗೌರಕ್ಕ ಕರೆಯುತ್ತಲೇ ಇದ್ದಳು. ಗಾನವಿ ಫೋನ್ ತೆಗೆದುಕೊಂಡಳು.

"ಯಾಕವಾ, ಏನಂತಾನ ಅಂವ?" ಎಂದು ಕೇಳಿದಳು ಗೌರಕ್ಕ. "ಬರ್ತಾನಿಲ್ಲೋ?"

ಎಲ್ಲಾನೂ ತಗೊಂಡು ಹೋಗಿ ಎಂದು ಹೇಳಿದವಳು ತಾನೇ. ಬೇರೆ ಯಾರೂ ಹೇಳಿರಲಿಲ್ಲ. ಆಫೀಸಿನಲ್ಲಿ ರಜೆ ಸಿಗುವುದು ಕಷ್ಟ ಅತ್ತೆ, ನಾನಂತೂ ಬರುತ್ತೇನೆ ಎಂದು ಗಾನವಿ ಹೇಗೋ ಹೇಳಿ ಫೋನ್ ಇಟ್ಟಳು. ಅವಳು ಅಳುತ್ತಿರುವುದನ್ನು ನೋಡಿ ತೇಜಸ್ ಹತ್ತಿರ ಬಂದು ಕೂತ, ಅವಳ ಭುಜದ ಮೇಲೆ ಕೈಹಾಕಿದ. ಅವನು ಒಳ್ಳೆಯವನು, ಯಾರ ಸಾವಿನ ಸುದ್ದಿ ಕೇಳಿದರೂ ಮರುಗುವವನು.

"ಪಾಪ," ಎಂದ. "ತುಂಬಾ ವಯಸ್ಸಾಗಿತ್ತಾ ಅವರಿಗೆ?"